ಘಟ್ಟ ಬಿಟ್ಟರೆ ಕೋಟೆ ಅರ್ಧ: ಪ್ರವಾಸೋದ್ಯಮ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

ಹೊಸನಗರ ತಾಲ್ಲೂಕಿನ ನಗರದ ಕೋಟೆಯನ್ನು ನೀವು ನೋಡಿರಬಹುದು. ಹೆಬ್ಬಾಗಿಲ ಎರಡೂ ಬದಿ ದುಂಡು ಕೊತ್ತಲ, ಮೇಲೆ ದರ್ಬಾರಿನ ಜಗಲಿ, ಅಕ್ಕ-ತಂಗಿ ಕೊಳ. ಬಂದವರು ಇಷ್ಟು ನೋಡಿ ಇಳಿಯುತ್ತಾರೆ. ಇಷ್ಟು ಮಳೆ ಸುರಿಯುವ ಕಾಡಿನ ನಡುವೆ ರಾಜಧಾನಿ ಯಾಕೆ ಕಟ್ಟಿದರು ಎಂಬುದಕ್ಕೆ ಉತ್ತರ ಕೋಟೆಯೊಳಗೆ ಸಿಗುವುದಿಲ್ಲ. ಅದು ಪಶ್ಚಿಮಕ್ಕೆ, ಹುಲಿಕಲ್ಲಿನಿಂದ ಹೊಸಂಗಡಿಗೆ ಇಳಿಯುವ ಘಟ್ಟದಲ್ಲಿದೆ.

ಕೆಳದಿ ಅರಸರು ಇಕ್ಕೇರಿ ಬಿಟ್ಟು ಬಿದನೂರಿಗೆ, ಅಂದರೆ ಇಂದಿನ ನಗರಕ್ಕೆ, ಬಂದಾಗ ಅವರ ಕಣ್ಣು ಕರಾವಳಿಯ ಮೇಲಿತ್ತು. ಮಲೆನಾಡಿನ ಮೆಣಸು ಹೇರೆತ್ತುಗಳ ಮೇಲೆ ಘಟ್ಟ ಇಳಿದು ಕುಂದಾಪುರ, ಬಸರೂರಿನ ಹಡಗು ಸೇರುತ್ತಿತ್ತು. ಶಿವಪ್ಪ ನಾಯಕನ ಬೊಕ್ಕಸ ತುಂಬಿದ್ದರಲ್ಲಿ ಈ ದಾರಿಯ ಪಾಲು ದೊಡ್ಡದು. 1763ರಲ್ಲಿ ಬಿದನೂರನ್ನು ಗೆದ್ದ ಹೈದರ್ ಅದಕ್ಕೆ ಹೈದರ್‌ನಗರ ಎಂದು ಹೆಸರಿಟ್ಟ. ಇವತ್ತಿನ 'ನಗರ' ಅದರ ಉಳಿಕೆ. ಘಟ್ಟಕ್ಕೂ ಹೈದರ್‌ಗಡದ ಘಟ್ಟವೆಂಬ ಹೆಸರು ಬಂತು.

1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸನ ಇಂಗ್ಲಿಷ್ ಸೈನ್ಯ ಕುಂದಾಪುರದಿಂದ ಇದೇ ಘಟ್ಟ ಹತ್ತಿತು. ದಾರಿಯುದ್ದಕ್ಕೂ ಅಡ್ಡಗೋಡೆ, ಫಿರಂಗಿ ಕಟ್ಟೆ, ತುದಿಯಲ್ಲಿ ಹೈದರ್‌ಗಡ. ಅಷ್ಟನ್ನೂ ದಾಟಿ ಬಂದವರಿಗೆ ಬಿದನೂರು ಹೆಚ್ಚು ಕಾದಾಟವಿಲ್ಲದೆ ಕೈಸೇರಿತು. ಕೆಲವೇ ತಿಂಗಳಲ್ಲಿ ಟಿಪ್ಪು ಬಂದು ಘಟ್ಟದ ದಾರಿ ಕಡಿದ. ಕಡಲಿನ ಕಡೆಯ ಆಸರೆ ತಪ್ಪಿ ಮ್ಯಾಥ್ಯೂಸ್ ಶರಣಾದ. ಎರಡು ಸಲವೂ ಕೋಟೆಯ ಹಣೆಬರಹ ಬರೆದದ್ದು ಘಟ್ಟವೇ.

ಹೋದ ಮಳೆಗಾಲ ಕುಂದಾಪುರದ ಬಸ್ಸಿನಲ್ಲಿ ಈ ಘಟ್ಟ ಇಳಿಯುತ್ತಿದ್ದೆ. ಒಂದು ತಿರುವಿನಲ್ಲಿ ಧರೆ ಜಾರಿತ್ತು. ಜೆಸಿಬಿ ಕೆಂಪು ಮಣ್ಣನ್ನು ಬಾಚಿ ಕಣಿವೆಗೆ ನೂಕುತ್ತಿತ್ತು. ಮಣ್ಣಿನೊಳಗೆ ಎರಡು ಚಪ್ಪಡಿ, ಒಂದರ ಅಂಚಿನಲ್ಲಿ ಸಾಲಾಗಿ ಉಳಿಯ ಗುರುತು. ಯಾವ ಕಾಲದವೋ, ನಾನು ಬಲ್ಲವನಲ್ಲ. ಇಳಿದು ಹತ್ತಿರ ಹೋಗುವಷ್ಟರಲ್ಲಿ ಅವೂ ಕಣಿವೆ ಸೇರಿದವು. ಜೆಸಿಬಿ ಚಾಲಕನ ತಪ್ಪೇನಿಲ್ಲ. ದಾರಿ ತೆರವು ಮಾಡುವುದು ಅವನ ಕೆಲಸ. ಆದರೆ ಇಲ್ಲಿ ಏನಾದರೂ ಕಂಡರೆ ಒಂದು ಗಳಿಗೆ ನಿಲ್ಲಿಸಿ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ನಾನು ಕೇಳುವುದು ಹೊಸ ಉದ್ಯಾನವನ್ನಲ್ಲ, ಬಣ್ಣದ ದೀಪಗಳನ್ನೂ ಅಲ್ಲ. ಘಟ್ಟದ ಬುಡ ಉಡುಪಿ ಜಿಲ್ಲೆಗೆ, ತಲೆ ಶಿವಮೊಗ್ಗಕ್ಕೆ ಸೇರಿದೆ. ನಡುವಿನ ಕಾಡು ಅರಣ್ಯ ಇಲಾಖೆಯದು, ರಸ್ತೆ ಲೋಕೋಪಯೋಗಿಯದು. ಇವರೆಲ್ಲರನ್ನೂ ಒಂದೆಡೆ ಕೂರಿಸಲು ನಿಮ್ಮಿಂದ ಆಗುತ್ತದೆ. ಶಿವರಾತ್ರಿ ಕಳೆದು ಮಳೆ ಹಿಡಿಯುವ ಮೊದಲು, ಕಾಡಿನ ತರಗು ಒಣಗಿರುವಾಗ, ಹೊಸಂಗಡಿಯಿಂದ ನಗರದವರೆಗೆ ಪುರಾತತ್ತ್ವ ಇಲಾಖೆಯವರು ನಡೆದು ಸರ್ವೆ ಮಾಡಲಿ. ಹಳೆಯ ಕಾಲುದಾರಿ ಬಲ್ಲ ಹಿರಿಯರು ಎರಡೂ ಕಡೆ ಇದ್ದಾರೆ, ಅವರನ್ನು ಜೊತೆಗೆ ಕರೆದುಕೊಳ್ಳಲಿ. ಉಳಿದಿರುವ ಕಟ್ಟೆ, ಮೆಟ್ಟಿಲು, ಗೋಡೆ ನಕ್ಷೆಗೆ ಏರಲಿ. ರಸ್ತೆ ಅಗಲಿಸುವ ಯಾವ ಟೆಂಡರಿಗೂ ಮೊದಲು ಆ ನಕ್ಷೆ ಎಂಜಿನಿಯರರ ಮೇಜಿನ ಮೇಲಿರಲಿ.

ಈ ಬೇಸಿಗೆಗೇ ಆದೇಶ ಹೊರಡಿಸಿ ಎಂದು ಬೇಡುತ್ತೇನೆ.

ಇಂತಿ,
ಘಟ್ಟದ ಮೇಲಿನ ಊರಿನವನೊಬ್ಬ