ಹಿರಿಯರಿಗೆ ವಾಕಿಂಗ್ ಒಂದೇ ಸಾಕೇ?

ಮಾನ್ಯ ಸಂಪಾದಕರೇ,

ವಯಸ್ಸಾದವರು ದಿನಾ ವಾಕಿಂಗ್ ಮಾಡಬೇಕು ಎಂದು ನಿಮ್ಮ ಆರೋಗ್ಯ ಪುಟದಲ್ಲಿ ಆಗಾಗ ಓದುತ್ತೇನೆ. ಮಾತೇನೋ ಸರಿ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯಲ್ಲಿ ಎಲ್ಲಿ ನಡೆಯುವುದು? ಫುಟ್‌ಪಾತ್ ಮೇಲೆ ಪಾಚಿ, ಕೆಳಗಿಳಿದರೆ ರಿಕ್ಷಾ. ನನಗೆ 67. ಕಳೆದ ಮಳೆಗಾಲದಲ್ಲಿ ಮನೆಯಲ್ಲೇ ಕೂತು ಮೈಕೈ ಎಲ್ಲ ಬಿಗಿಯಾಗಿತ್ತು. ನಮ್ಮ ಬಿಲ್ಡಿಂಗ್‌ನ ಮಂಗಳೂರು ಕಡೆಯ ಕ್ಯಾಥಲಿಕ್ ಮಹಿಳೆಯೊಬ್ಬರು ನಮ್ಮ ಮಲಾಡ್‌ನ ಓರ್ಲೆಮ್‌ನಲ್ಲಿ ನಡೆಯುವ ಲೈನ್ ಡಾನ್ಸ್ ಕ್ಲಾಸಿಗೆ ಬನ್ನಿ ಎಂದರು. ಅವರಿಗೆ ಇದು ಮದುವೆ ಮನೆಯಲ್ಲಿ ನೋಡಿ ಬೆಳೆದ ಕುಣಿತ. ನನಗೆ ಪೂರ್ತಿ ಹೊಸದು.

ಸಾಲಾಗಿ ನಿಂತು, ಎಲ್ಲರೂ ಒಂದೇ ಕಡೆ ಮುಖ ಮಾಡಿ, ಒಂದೇ ಹೆಜ್ಜೆ ಹಾಕುವುದು. ಅಷ್ಟೇ. ಜೋಡಿ ಬೇಡ, ಯಾರ ಕೈಯೂ ಹಿಡಿಯಬೇಕಿಲ್ಲ. ನಮ್ಮ ಕಾಲದವರಿಗೆ ಇದು ಸಣ್ಣ ಮಾತಲ್ಲ. ನನ್ನ ಹೆಂಡತಿಗೆ ಮೊಣಕಾಲಿನ ಆಪರೇಷನ್ ಆಗಿದೆ, ಅವಳು ಕುರ್ಚಿಯಲ್ಲಿ ಕೂತು ನೋಡುತ್ತಾಳೆ. ಹೆಜ್ಜೆಗಳೆಲ್ಲ ನನಗಿಂತ ಮೊದಲು ಅವಳಿಗೇ ಬಾಯಿಪಾಠ. ನಾನು ಹಾಲ್‌ನಲ್ಲಿ ಅಭ್ಯಾಸ ಮಾಡುವಾಗ ಅಡುಗೆಮನೆಯಿಂದಲೇ “ರೀ, ಎಡಗಾಲು ಹಿಂದೆ!” ಎಂದು ಕೂಗುತ್ತಾಳೆ.

ಮೊದಲು ಕಲಿಸಿದ್ದು ಗ್ರೇಪ್‌ವೈನ್. ಬಲಗಾಲು ಪಕ್ಕಕ್ಕೆ, ಎಡಗಾಲು ಅದರ ಹಿಂದೆ, ಮತ್ತೆ ಬಲಗಾಲು ಪಕ್ಕಕ್ಕೆ, ಕೊನೆಗೆ ಎಡಗಾಲು ತಂದು ತಾಗಿಸುವುದು. ಹೆಜ್ಜೆಗೊಂದರಂತೆ ನಾಲ್ಕು ಎಣಿಕೆ. ಇಂಥವನ್ನು ಪೋಣಿಸಿ ಹೆಚ್ಚಾಗಿ 32 ಎಣಿಕೆಯ ಒಂದು ಡಾನ್ಸ್ ಮಾಡುತ್ತಾರೆ. ಎಷ್ಟೋ ಡಾನ್ಸ್‌ಗಳಲ್ಲಿ ಅದು ಮುಗಿಯುವಷ್ಟರಲ್ಲಿ ಸುತ್ತಿನ ನಾಲ್ಕನೇ ಒಂದು ಭಾಗ ತಿರುಗಿ ಬೇರೆ ಗೋಡೆಗೆ ಮುಖ ಮಾಡಿರುತ್ತೇವೆ. ಅಲ್ಲಿಂದ ಮತ್ತೆ ಅದೇ ಹೆಜ್ಜೆ. ಹೊಸಬರು ಕಂಗಾಲಾಗುವುದು ಇಲ್ಲೇ. ಸಂಕೋಚಕ್ಕೆ ಹಿಂದಿನ ಸಾಲಿನಲ್ಲಿ ನಿಂತಿರುತ್ತೇವೆ, ಮುಂದಿನವರ ಕಾಲು ನೋಡಿಕೊಂಡು. ಎರಡು ಸಲ ತಿರುಗಿದರೆ ನಾವೇ ಮುಂದಿನ ಸಾಲು! ಎದುರಿಗೆ ಬರೀ ಗೋಡೆ. ಹಾಗಾಗಿ ಕಲಿಯುವವರು ನಡುವೆ ನಿಲ್ಲಬೇಕು. ಎತ್ತ ತಿರುಗಿದರೂ ಯಾರದಾದರೂ ಕಾಲು ಕಣ್ಣಿಗೆ ಸಿಗುತ್ತದೆ.

ಶೂ ಬಗ್ಗೆಯೂ ಹೇಳಬೇಕು. ವಾಕಿಂಗ್‌ನ ರಬ್ಬರ್ ಶೂ ನೆಲ ಕಚ್ಚಿ ಹಿಡಿಯುತ್ತದೆ. ಮೈ ತಿರುಗಿದರೂ ಪಾದ ತಿರುಗುವುದಿಲ್ಲ, ಪೆಟ್ಟು ಮೊಣಕಾಲಿಗೆ. ಹಾಗಂತ ಸಾಕ್ಸ್ ಹಾಕಿ ಟೈಲ್ಸ್ ಮೇಲೆ ಕುಣಿಯುವುದು ಬೇಡವೇ ಬೇಡ. ತಲೆಸುತ್ತು ಇರುವವರು ಪೂರ್ತಿ ಸುತ್ತು ಬಿಟ್ಟು ಅದೇ ಎಣಿಕೆಗೆ ನೇರ ಹೆಜ್ಜೆ ಹಾಕಿದರಾಯಿತು. ಯಾರೂ ಏನೂ ಅನ್ನುವುದಿಲ್ಲ.

65 ದಾಟಿದವರು ವಾರಕ್ಕೆ ಮೂರು ದಿನವಾದರೂ ಮೈಯ ಸಮತೋಲಕ್ಕೆ ಬೇಕಾದ ವ್ಯಾಯಾಮ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಬೀಳದೆ ಇರುವುದಕ್ಕೆ ಅದು ಬೇಕು. ಪಕ್ಕಕ್ಕೆ, ಹಿಂದಕ್ಕೆ, ತಿರುಗಿ ಕಾಲಿಡುವುದು ವಾಕಿಂಗ್‌ನಲ್ಲಿ ಎಲ್ಲಿದೆ? 2003ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 75 ದಾಟಿದ 469 ಮಂದಿಯ ಅಧ್ಯಯನ ಬಂದಿತ್ತು. ಮೈ ದಣಿಸುವ ಹವ್ಯಾಸಗಳಲ್ಲಿ ಡಾನ್ಸ್ ಮಾಡುತ್ತಿದ್ದವರಲ್ಲಿ ಮಾತ್ರ ಮರೆವಿನ ಕಾಯಿಲೆ ಕಡಿಮೆ ಕಂಡಿತ್ತು. ಕುಣಿದದ್ದಕ್ಕೇ ಹಾಗಾಯಿತೋ, ತಲೆ ಚುರುಕಾಗಿದ್ದವರೇ ಕುಣಿಯಲು ಹೋದರೋ, ಅದರಿಂದ ತೀರ್ಮಾನ ಮಾಡಲಾಗದು. ನನಗಂತೂ 32 ಎಣಿಕೆ ನೆನಪಿಡುವುದು ಬ್ಯಾಂಕಿನಲ್ಲಿ ಲೆಡ್ಜರ್ ತಾಳೆ ನೋಡಿದ್ದಕ್ಕಿಂತ ಕಷ್ಟದ ಕೆಲಸ.

ಈ ಪತ್ರ ಬರೆದದ್ದು ಮುಖ್ಯವಾಗಿ ನಮ್ಮ ಕನ್ನಡ ಸಂಘಗಳಿಗಾಗಿ. ನಾನು ಸದಸ್ಯನಾಗಿರುವ ಸಂಘದಲ್ಲಿ ವಾರಕ್ಕೊಂದು ದಿನ ಹಾಲ್ ಕೊಡಿ ಎಂದು ಕೇಳಿದೆ. “ಹಿರಿಯರಿಗೆ ಭಜನೆ ಇದೆಯಲ್ಲ, ಇದು ನಮ್ಮ ಸಂಸ್ಕೃತಿ ಅಲ್ಲ” ಎಂದರು. ಭಜನೆಗೆ ನಾನೂ ಹೋಗುತ್ತೇನೆ. ಆದರೆ ವಾರ್ಷಿಕೋತ್ಸವದಲ್ಲಿ ಮಕ್ಕಳು ಹಿಂದಿ ಸಿನಿಮಾ ಹಾಡಿಗೆ ಕುಣಿಯುವಾಗ ಈ ಪ್ರಶ್ನೆ ಏಕೆ ಬರುವುದಿಲ್ಲ? ಲೈನ್ ಡಾನ್ಸ್‌ಗೆ ಅಮೆರಿಕದ ಹಾಡೇ ಬೇಕೆಂದೂ ಇಲ್ಲ. ತಾಳ ಹೊಂದಿದರೆ ಕನ್ನಡ ಹಾಡಿಗೂ ಇದೇ ಹೆಜ್ಜೆ ನಡೆಯುತ್ತದೆ.

ಮಧ್ಯಾಹ್ನ ಮೂರರಿಂದ ಐದರವರೆಗೆ ಆ ಹಾಲ್ ಸುಮ್ನೆ ಬೀಗ ಹಾಕಿಕೊಂಡಿರುತ್ತದೆ. ಬೇಕಿದ್ದರೆ ಬಾಡಿಗೆ ಕೊಡುತ್ತೇವೆ, ಕುರ್ಚಿ ನಾವೇ ಸರಿಸುತ್ತೇವೆ. ಫ್ಯಾನ್ ಮಾತ್ರ ರಿಪೇರಿ ಮಾಡಿಸಿಕೊಡಿ.

— ಒಬ್ಬ ನಿವೃತ್ತ ಬ್ಯಾಂಕ್ ನೌಕರ, ಮಲಾಡ್, ಮುಂಬಯಿ