ಕಾರ್ಬನ್ ಫ್ರೇಮ್ ತಗೊಳ್ಳುವ ಮುಂಚೆ ಇಷ್ಟು ನೋಡಿ

ನಂದಿ ಬೆಟ್ಟ ಇಳಿದು ಟೀ ಕುಡಿಯುವಾಗ ಸೈಕಲ್ಲಿಗೆ ಕಾರ್ಬನ್ ಫ್ರೇಮ್ ತಗೊಳ್ಳುವಾಗ ಏನೇನು ನೋಡಬೇಕು ಅಂತ ಕೇಳಿದ್ರಲ್ಲ, ಅದಕ್ಕೆ ಉತ್ತರ. ತೂಕದ ಮಾತು ಆಮೇಲೆ. ಮೊದಲು ಸ್ಟ್ಯಾಕ್, ರೀಚ್ (ಪೆಡಲ್ ತಿರುಗುವ ನಡುಭಾಗದಿಂದ ಹ್ಯಾಂಡಲ್ ಕೊಳವೆಯ ಮೇಲ್ತುದಿಗೆ ಇರುವ ಎತ್ತರ, ಮುಂದಕ್ಕಿನ ದೂರ) ಎರಡನ್ನೂ ನಿಮ್ಮ ಈಗಿನ ಸೈಕಲ್ಲಿನ ಜೊತೆ ಹೋಲಿಸಿ, ಯಾಕಂದ್ರೆ ಒಂದು ಕಂಪನಿಯ 54 ಸೈಜ್ ಇನ್ನೊಂದರ 54 ಅಲ್ಲ. ನಮ್ಮ ರಸ್ತೆಗೆ ಫ್ರೇಮಿನಲ್ಲಿ 32 ಮಿ.ಮೀ. ಅಗಲದ ಟೈರ್ ಹಿಡಿಯಲೇಬೇಕು. ಬಾಟಮ್ ಬ್ರಾಕೆಟ್ (ಪೆಡಲ್ ತಿರುಗುವ ಬೇರಿಂಗ್ ಕೂರುವ ಜಾಗ) ಥ್ರೆಡ್ ಇರುವುದೇ ಇರಲಿ, ಬಿಎಸ್‌ಎ ಅಥವಾ ಟಿ47 ಅನ್ನುವ ಅಳತೆಯದು. ಥ್ರೆಡ್ ಇಲ್ಲದೆ ಬೇರಿಂಗನ್ನು ಒತ್ತಿ ಕೂರಿಸಿದ್ದ ನನ್ನ ಹಳೇ ಪ್ರೆಸ್‌ಫಿಟ್ ಫ್ರೇಮ್ ಮಳೆಗಾಲ ಬಂತೆಂದರೆ ಪ್ರತಿ ಪೆಡಲಿಗೂ ಕಿರ್ ಕಿರ್ ಅನ್ನುತ್ತಿತ್ತು, ಎರಡು ಸಲ ಬಿಚ್ಚಿಸಿದರೂ ನಿಲ್ಲಲಿಲ್ಲ. ಸೆಕೆಂಡ್ ಹ್ಯಾಂಡ್ ಆದರೆ ನಾಣ್ಯದಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಟಕ್ ಟಕ್ ಅನ್ನುತ್ತಿದ್ದದ್ದು ಒಂದು ಕಡೆ ಡಬ್ ಅಂದರೆ ಒಳಗೆ ಬಿರುಕಿದೆಯೇನೋ ಅಂತ ಅನುಮಾನ ಪಡಿ, ಬಣ್ಣ ಹೊಸದಾಗಿದ್ದರೆ ಇನ್ನೂ ಜಾಸ್ತಿ. ಸೀಟ್‌ಪೋಸ್ಟಿಗೆ ಗ್ರೀಸ್ ಬೇಡ, ಜಾರದಂತೆ ಹಿಡಿಯುವ ಕಾರ್ಬನ್ ಪೇಸ್ಟ್ ಹಾಕಿ. ಬೋಲ್ಟನ್ನು ಅಳತೆಗೆ ತಕ್ಕಷ್ಟೇ ಬಿಗಿ ಮಾಡುವ ಟಾರ್ಕ್ ವ್ರೆಂಚ್ ನನ್ನ ಹತ್ತಿರ ಇದೆ, ಭಾನುವಾರ ಬನ್ನಿ.