ಬದನೆ ಹೂವಿಗೆ ದುಂಬಿ ಬೇಕು

ಮಾನ್ಯರೇ,

ದಾವಣಗೆರೆಯ ನಮ್ಮ ಬಡಾವಣೆಯ ಪಾರ್ಕಿನ ಮೂಲೆಯಲ್ಲಿ ಹತ್ತು ಮನೆಯವರು ಸೇರಿ ಬದನೆ, ಹೀರೆ, ತುಳಸಿ ಹಾಕಿದ್ದೇವೆ. ಮೊನ್ನೆ ಸ್ವಚ್ಛತೆಯ ಹೆಸರಲ್ಲಿ ಯಾರೋ ಅಲ್ಲಿನ ತುಂಬೆ ಗಿಡಗಳನ್ನೆಲ್ಲ ಸವರಿ, ಒಣಗಿದ ಬಿದಿರಿನ ಗಳಗಳನ್ನೂ ಸುಟ್ಟುಬಿಟ್ಟರು. ಆ ಗಳಗಳಲ್ಲೇ ಕಪ್ಪು ದುಂಬಿಗಳು ತೂತು ಕೊರೆದು ಮರಿ ಮಾಡುತ್ತಿದ್ದವು.

ಪರಾಗಸ್ಪರ್ಶ ಅಂದರೆ ಪೆಟ್ಟಿಗೆ ಜೇನು ಮಾತ್ರ ಅಂದುಕೊಳ್ಳುತ್ತೇವೆ, ಅಲ್ವಾ? ಬದನೆ ಹೂವಿನ ಪರಾಗ ಕೇಸರದ ತುದಿಯ ಸಣ್ಣ ತೂತಿನಿಂದ ಉದುರಬೇಕು. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿಗೆ ಹಾಗೆ ಉದುರಿಸಲು ಬರುವುದಿಲ್ಲ. ದುಂಬಿಯೋ, ನೀಲಿ ಪಟ್ಟಿಯ ಒಂಟಿ ಜೇನೋ ಹೂವನ್ನು ತಬ್ಬಿ 'ಝುಂಯ್' ಎಂದು ಮೈ ನಡುಗಿಸಿದರೆ ಹಳದಿ ಪುಡಿ ಅದರ ಹೊಟ್ಟೆಯ ಮೇಲೆ ಸುರಿಯುತ್ತದೆ. ಬೆಳಗ್ಗೆ ಒಮ್ಮೆ ನಿಂತು ನೋಡಿ, ಕೈಯಲ್ಲಿನ ಕಾಫಿ ಆರಿದ್ದೂ ಗೊತ್ತಾಗಲ್ಲ. ಇವು ಸುಮ್ನೆ ಕಚ್ಚುವ ಜಾತಿಯೂ ಅಲ್ಲ.

ನೀಲಿ ಪಟ್ಟಿಯದು ಮಣ್ಣಿನಲ್ಲಿ ಗೂಡು ಮಾಡುತ್ತದೆ. ಪಾರ್ಕಿಗೆಲ್ಲ ಸಿಮೆಂಟ್ ಹಾಸಿದರೆ ಅದು ಎಲ್ಲಿಗೆ ಹೋಗಬೇಕು?

ಪಾರ್ಕ್ ನೋಡಿಕೊಳ್ಳುವವರಲ್ಲಿ ನಮ್ಮ ಕೋರಿಕೆ ಜಾಸ್ತಿ ಏನಿಲ್ಲ. ಒಂದು ಮೂಲೆಯ ಮಣ್ಣು, ಒಣ ಕಡ್ಡಿ, ತುಂಬೆ ಹಾಗೇ ಇರಲಿ. ಹೂ ಅರಳಿದ ಹೊತ್ತಿನಲ್ಲಿ ಔಷಧಿ ಹೊಡೆಯಬೇಡಿ.

– ಓರ್ವ ಓದುಗ, ದಾವಣಗೆರೆ